ಮಾಮನ ಜೇಬಿನ ಚಮಚ

ಕಳೆದ ತಿಂಗಳು ಗುಜರಾತಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮಾಮನ ಫೋಟೋ ಬಂತು. ಹೋಟೆಲಿನ ಗಲ್ಲಾದ ಹಿಂದೆ ಕೂತ ಫೋಟೋ. ಅಂಗಿಯ ಜೇಬಿನಲ್ಲಿ ಚಮಚದ ತುದಿ ಕಾಣುತ್ತಿದ್ದುದರಿಂದ ಹಳೆಯದಿರಬೇಕು ಅಂದುಕೊಂಡೆ. ಕೆಳಗೆ ಯಾರೋ 'ಮಾಮ ಇನ್ನಿಲ್ಲ' ಎಂದು ಎರಡೇ ಪದ ಬರೆದಿದ್ದರು. ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳ ಸಾಲು ಬಂತು. ಆಮೇಲೆ ಒಬ್ಬೊಬ್ಬರೇ ನೆನಪು ಹಾಕತೊಡಗಿದರು. ಒಬ್ಬರಿಗೆ ಮಾಮನ ಗೋಳಿಬಜೆ, ಒಬ್ಬರಿಗೆ ಭಾನುವಾರದ ನೀರುದೋಸೆ, ಇನ್ನೊಬ್ಬರಿಗೆ ಯುಗಾದಿಯ ದಿನ ಕೇಳದೆಯೇ ಎಲೆಯ ಮೇಲೆ ಬಂದು ಬಿದ್ದ ಹೋಳಿಗೆ. ಚಮಚದ ವಿಷಯ ಯಾರೂ ಎತ್ತಲಿಲ್ಲ. ನಾನು ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಕೊನೆಗೆ ನಾನೂ ಒಂದು ಕೈಮುಗಿದ ಚಿತ್ರ ಒತ್ತಿ, ಫೋನನ್ನು ಮಗುಚಿಟ್ಟು ಅಡುಗೆಮನೆಗೆ ಹೋದೆ. ಅಷ್ಟಕ್ಕೇ ಮುಗಿಯುವ ಸಂಬಂಧ ನಮ್ಮದಾಗಿರಲಿಲ್ಲ.

ಮಾಮ ಅಹಮದಾಬಾದಿನ ನವರಂಗಪುರದಲ್ಲಿ ಒಂದು ಉಡುಪಿ ಹೋಟೆಲ್ ನಡೆಸುತ್ತಿದ್ದರು. ಅವರಿಗೊಂದು ಹೆಸರು ಇದ್ದೇ ಇತ್ತು, ಆದರೆ ಅದನ್ನು ಹಿಡಿದು ಯಾರಾದರೂ ಕರೆದದ್ದು ನಾನು ಕೇಳಿಲ್ಲ. ಗುಜರಾತಿ ಗಿರಾಕಿಗಳಿಗೆ ಅವರು 'ಅಣ್ಣಾ', ನಮಗೆಲ್ಲ 'ಮಾಮ'. ಗಿಡ್ಡ ಆಳು. ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಪೆನ್ನಿನ ಪಕ್ಕ ಸದಾ ಒಂದು ಸ್ಟೀಲಿನ ಚಮಚ. ಸಾಂಬಾರಿನ ರುಚಿ ನೋಡಲಿಕ್ಕಿರಬೇಕು ಎಂದು ಹೊಸಬರು ತಿಳಿಯುತ್ತಿದ್ದರು. ಸಾಂಬಾರಂತೂ ಅಲ್ಲಿ ಮೂರು ಬಗೆ. ಗುಜರಾತಿಗಳಿಗೆ ಬೆಲ್ಲ ಮುಂದಾಗಿದ್ದು, ಜೈನರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು, ನಮ್ಮಂಥವರಿಗೆ ಒಳಗಿನ ಸಣ್ಣ ಪಾತ್ರೆಯಿಂದ ಖಾರದ್ದು.

"ಮೂರು ಸಾಂಬಾರು ಮಾಡುದು ಅಂದ್ರೆ ಮೂರು ಹೆಂಡ್ತಿ ಕಟ್ಟಿಕೊಂಡ ಹಾಗೆ ಮಾರಾಯ್ರೆ. ಒಬ್ಬರಿಗೂ ಸಮಾಧಾನ ಇಲ್ಲ" ಎಂದು ಮಾಮಿಗೆ ಕೇಳಿಸುವಂತೆಯೇ ಹೇಳುತ್ತಿದ್ದರು. ಮಾಮಿ ಒಳಗಿನಿಂದ, "ಒಂದನ್ನೇ ಸರಿಯಾಗಿ ನೋಡ್ಕೊಳ್ಲಿಕ್ಕೆ ಆಗ್ಲಿಲ್ಲ, ಮೂರಂತೆ" ಅನ್ನುತ್ತಿದ್ದರು.

ಅವರ ಹೋಟೆಲಿನ ಒಂದು ವಿಶೇಷ ನನಗೆ ತೀರ ತಡವಾಗಿ ಅರ್ಥವಾಯಿತು. ಅಲ್ಲಿ ಕೂಗಾಟವಿರಲಿಲ್ಲ. ಬೇರೆ ಕಡೆ ಮಾಣಿಗಳು ಅಡುಗೆಮನೆಯತ್ತ 'ಏಕ್ ಮಸಾಲಾ, ದೋ ಇಡ್ಲಿ' ಎಂದು ಅರಚುತ್ತಾರೆ. ಮಾಮನ ಹೋಟೆಲಿನಲ್ಲಿ ಎಲ್ಲವೂ ಕೈಸನ್ನೆ. ಮುಷ್ಟಿ ಹಿಡಿದರೆ ಇಡ್ಲಿ, ಅಂಗೈ ಸುರುಳಿ ಮಾಡಿದರೆ ಮಸಾಲೆ ದೋಸೆ, ಬೆರಳು ಉಂಗುರವಾದರೆ ವಡೆ. ಹೊರಗೆ ರಿಕ್ಷಾಗಳ ಹಾರ್ನು ಕಿವಿ ಹರಿಯುತ್ತಿದ್ದರೂ ಒಳಗೆ ತಣ್ಣಗಿರುತ್ತಿತ್ತು. ಮಾಮನಿಗೆ ನಾಜೂಕು ಜಾಸ್ತಿ ಎಂದು ನಾನೂ ನನ್ನ ಗಂಡನೂ ನಗುತ್ತಿದ್ದೆವು.

ಗಂಡನಿಗೆ ವಿಮಾ ಕಂಪನಿಯ ಕೆಲಸ. ಮದುವೆಯಾದ ವರ್ಷವೇ ತುಮಕೂರಿನಿಂದ ಅಹಮದಾಬಾದಿಗೆ ವರ್ಗವಾಗಿ, ಮಣಿನಗರದ ಸ್ಟೇಷನ್ ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದೆವು. ಭಾನುವಾರ ಬಂದರೆ ಸ್ಕೂಟರಿನಲ್ಲಿ ಹೊಳೆ ದಾಟಿ ನವರಂಗಪುರಕ್ಕೆ ಹೋಗಿ, ಕನ್ನಡ ಕೇಳಿಸಿಕೊಂಡು, ತಿಂಡಿ ತಿಂದು ಬರುವುದು ನಮ್ಮ ವ್ರತ. ಹಾಗೆ ಒಂದು ಭಾನುವಾರ ಕಾಫಿ ಬಂತು. ನಾನು ಲೋಟವನ್ನು ಮೂಗಿನ ಹತ್ತಿರ ತಂದು, ಏನೋ ಒಗ್ಗದೆ, ಅತ್ತ ಸರಿಸಿದೆ. ಹುಟ್ಟಿದಾಗಿನಿಂದ ಕಾಫಿಗೆ ಬೇಡ ಅಂದವಳಲ್ಲ ನಾನು. ಮಾಮ ಗಲ್ಲಾದಿಂದಲೇ ನೋಡಿದರು. ಎದ್ದು ಬಂದು ಲೋಟ ಎತ್ತಿಕೊಂಡು ಹೋಗಿ, ಊರಿಂದ ತರಿಸಿದ ಪುನರ್ಪುಳಿಯ ಶರಬತ್ತು ತಂದಿಟ್ಟರು.

"ಇದು ಹಿಡಿಸ್ತದೆ ನೋಡಿ. ಇನ್ನು ಸ್ಕೂಟರಿನಲ್ಲಿ ಜಾಗ್ರತೆ" ಅಂದರು. ಅಷ್ಟೆ.

ನಮಗಿನ್ನೂ ಏನೂ ಗೊತ್ತಿರಲಿಲ್ಲ. ಬುಧವಾರ ಪರೀಕ್ಷೆ ಮಾಡಿಕೊಂಡರೆ ಎರಡು ಗೆರೆ! ಗಂಡ ಅವತ್ತಿನಿಂದ ಅವರಿಗೆ 'ಡಾಕ್ಟರ್ ಮಾಮ' ಎಂದು ಹೆಸರಿಟ್ಟ. ಆಮೇಲೆ ತಿಳಿಯಿತು, ಆ ಹೋಟೆಲಿಗೆ ಬರುವ ಎಷ್ಟೋ ಹೆಂಗಸರ ವಿಷಯ ಅವರ ಗಂಡಂದಿರಿಗಿಂತ ಮೊದಲು ಮಾಮನಿಗೆ ಗೊತ್ತಾಗುತ್ತಿತ್ತಂತೆ. ದಿನಾ ಬರುವವರ ತಟ್ಟೆಯಲ್ಲಿ ಏನು ಉಳಿಯುತ್ತದೆ ಎಂದು ನೋಡುವವರಿಗೆ ಬೇರೆ ಪರೀಕ್ಷೆ ಏಕೆ? ಏಳನೇ ತಿಂಗಳಿಗೆ ಮಡಿಲು ತುಂಬಿಸಿಕೊಂಡು ತವರಿಗೆ ಹೊರಟ ಗುಜರಾತಿ ಹುಡುಗಿಯರೂ, ಹೋಗುವ ಮುಂಚೆ ಅಣ್ಣಾನ ದೋಸೆ ಒಂದಿರಲಿ ಎಂದು ಅತ್ತೆಯನ್ನು ಎಳೆದುಕೊಂಡು ಬರುತ್ತಿದ್ದರು.

ನಾನು ಆಗ ಫೋನಿನಲ್ಲಿ ಒಂದು ಆಪ್ ಹಾಕಿಕೊಂಡಿದ್ದೆ. ವಾರವಾರವೂ ಹೊಟ್ಟೆಯಲ್ಲಿರುವುದು ಎಷ್ಟು ಬೆಳೆದಿದೆ ಎಂದು ಅದು ಹೇಳುತ್ತಿತ್ತು. ಐದನೇ ವಾರ ಎಳ್ಳಿನ ಕಾಳು, ಎಂಟನೇ ವಾರಕ್ಕೆ ಹುರುಳಿಕಾಯಿಯೊಳಗಿನ ಬೀಜ, ಹನ್ನೆರಡಕ್ಕೆ ನಿಂಬೆಹಣ್ಣು. ಮಾಮನಿಗೆ ಓದಿ ಹೇಳಿದೆ.

"ಎಂತದು ಮಾರಾಯ್ರೆ, ಮಗುವನ್ನು ತರಕಾರಿ ಮಾರ್ಕೆಟಿನ ಹಾಗೆ ಹೇಳುದಾ?" ಎಂದು ನಕ್ಕರು. "ಮೊದಲ ಮೂರು ತಿಂಗಳು ಹಿಟ್ಟು ಹುದುಗಿದ ಹಾಗೆ. ಮುಚ್ಚಳ ತೆಗೆದು ತೆಗೆದು ನೋಡ್ಬಾರ್ದು. ಬೆಚ್ಚಗೆ ಬಿಡ್ಬೇಕು. ಅದಕ್ಕೆ ಗೊತ್ತುಂಟು ಅದರ ಕೆಲಸ."

ಐದು ತಿಂಗಳು ತುಂಬಿದ ಮೇಲೆ ಅವರ ಉಪಚಾರ ಬದಲಾಯಿತು. ನಾನು ಹೋದೊಡನೆ ಅಡುಗೆಮನೆಯ ಪಾತ್ರೆಗಳ ಸದ್ದೂ ಇಳಿಯುತ್ತಿತ್ತು. "ಈಗ ಒಳಗಿನವರಿಗೂ ಕೇಳ್ತದೆ. ಹಾಡು ಗೀಡು ಬರ್ತದಾ ನಿಮಗೆ? ಹಾಡಿ. ಬರದಿದ್ರೆ ಸುಮ್ಮನೆ ಮಾತಾಡಿ. ಕನ್ನಡದಲ್ಲೇ ಮಾತಾಡಿ ಆಯ್ತಾ, ಹೊರಗೆ ಬಂದ ಮೇಲೆ ಹೇಗೂ ಗುಜರಾತಿ ಉಂಟು" ಅನ್ನುತ್ತಿದ್ದರು. ನಾನು ಹಾಡಿದೆ. ಅಜ್ಜಿ ಹೇಳುತ್ತಿದ್ದ ಲಾಲಿಯ ಸಾಲುಗಳು ಪೂರ್ತಿ ನೆನಪಿರಲಿಲ್ಲ, ಮರೆತ ಕಡೆ ನನ್ನದೇ ಪದ ಸೇರಿಸಿ ಹಾಡಿದೆ. ಮಧ್ಯಾಹ್ನ ಒಬ್ಬಳೇ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇವತ್ತು ಮಣಿನಗರದಲ್ಲಿ ಏನೇನಾಯಿತು ಎಂದು ವರದಿ ಒಪ್ಪಿಸಿದೆ. ಅವಳು ಒದ್ದಾಗಲೆಲ್ಲ ಅದು ಉತ್ತರವೆಂದೇ ತಿಳಿದೆ. ಅದರಲ್ಲಿ ಒಂದಕ್ಷರವೂ ಅವಳನ್ನು ಮುಟ್ಟಿರಲಿಲ್ಲ ಎಂಬುದು ಈಗ ಗೊತ್ತು.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ಈಗ ಎಷ್ಟೋ ಕಡೆ ಹುಟ್ಟಿದ ಮಗುವಿನ ಕಿವಿಯನ್ನೂ ಪರೀಕ್ಷಿಸಿಯೇ ಮನೆಗೆ ಕಳಿಸುತ್ತಾರಂತೆ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅತ್ತೆ ತುಮಕೂರಿನಿಂದ ಬಂದು ಬಾಣಂತನ ಮಾಡಿದರು. ಮಗು ಹಾಲು ಕುಡಿಯಿತು, ತೂಕ ಏರಿತು, ಒಂದೂವರೆ ತಿಂಗಳಿಗೆ ಮುಖ ನೋಡಿ ನಕ್ಕಿತು. ಸ್ಟೇಷನ್ ಹಿಂದಿನ ಮನೆಯಲ್ಲಿ ಹಗಲೆಲ್ಲ ರೈಲಿನ ಹಾರ್ನು. ಮಗು ಒಂದಕ್ಕೂ ಎಚ್ಚರವಾಗದೆ ಮಲಗುತ್ತಿತ್ತು. "ನಿನ್ನ ಗಂಡ ಚಿಕ್ಕವನಿದ್ದಾಗ ಸೂಜಿ ಬಿದ್ದರೂ ಏಳ್ತಿದ್ದ. ಇದು ಪುಣ್ಯವಂತ ಮಗು ಕಣೇ" ಎಂದು ಅತ್ತೆ ಲಟಿಕೆ ಮುರಿಯುತ್ತಿದ್ದರು. ಪಕ್ಕದ ಮನೆಯ ಗುಜರಾತಿ ಅಕ್ಕ ದಿನಕ್ಕೊಮ್ಮೆ ಬಂದು "ಬಹು ಡಾಹೀ ಛೋಕರೀ" ಅನ್ನುತ್ತಿದ್ದರು. ಬಹಳ ಗುಣದ ಹುಡುಗಿ ಎಂದರ್ಥ. ಹೊಗಳಿಸಿಕೊಂಡು ನಾನು ಬೀಗುತ್ತಿದ್ದೆ.

ನಮ್ಮ ಕನ್ನಡದವರಲ್ಲಿ ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲು ದೇವಸ್ಥಾನ, ಅಲ್ಲಿಂದ ನೇರ ಮಾಮನ ಹೋಟೆಲ್. ಹಾಗೊಂದು ವಾಡಿಕೆಯೇ ಆಗಿಹೋಗಿತ್ತು. ಅಲ್ಲಿ ಮಾಮನ ಚಮಚದ ಆಟ ನಡೆಯುತ್ತಿತ್ತು. ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದರೆ, ಮಗುವಿಗೆ ಕಾಣದ ಹಾಗೆ ಹಿಂದಿನಿಂದ ಬಂದು, ಸ್ಟೀಲ್ ಲೋಟಕ್ಕೆ ಚಮಚದಿಂದ ಟಿಣ್ ಎನ್ನಿಸುತ್ತಿದ್ದರು. ಮಗು ಬೆಚ್ಚುತ್ತಿತ್ತು, ಇಲ್ಲವೆ ಕಣ್ಣರಳಿಸುತ್ತಿತ್ತು, ಇಲ್ಲವೆ ಹಾಲು ಕುಡಿಯುವುದನ್ನು ನಿಲ್ಲಿಸುತ್ತಿತ್ತು. "ಹಾಂ, ಬಂದ್ರು ಗಿರಾಕಿ!" ಎಂದು ಮಾಮ ಚಮಚವನ್ನು ಜೇಬಿಗಿಳಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಮುದುಕರಿಗೆ ಮಕ್ಕಳೆಂದರೆ ಒಂದು ಹುಚ್ಚು ಅಂದುಕೊಳ್ಳುತ್ತಿದ್ದೆವು.

ನನ್ನ ಮಗಳ ಸರದಿ ಬಂದ ಭಾನುವಾರ ಹೋಟೆಲ್ ತುಂಬಿತ್ತು. ಅತ್ತೆ ಅಷ್ಟರಲ್ಲಿ ಊರಿಗೆ ಮರಳಿದ್ದರು, ನಾವು ಮೂವರೇ. ಮಗು ಎಚ್ಚರವಾಗಿ, ನನ್ನ ಹೆಗಲ ಮೇಲಿಂದ ಗೋಡೆಯ ಬಣ್ಣದ ಕ್ಯಾಲೆಂಡರ್ ನೋಡುತ್ತಿತ್ತು. ಮಾಮ ಪಕ್ಕದಿಂದ ಬಂದು ಟಿಣ್ ಎನ್ನಿಸಿದರು. ಮಗು ಕ್ಯಾಲೆಂಡರ್ ನೋಡುತ್ತಲೇ ಇತ್ತು. ಇನ್ನೊಮ್ಮೆ, ಹತ್ತಿರದಿಂದ. ಮತ್ತೊಂದು ಕಿವಿಯ ಕಡೆಯಿಂದ ಇನ್ನೊಮ್ಮೆ. ನಾನು, "ನೋಡಿ ಮಾಮ, ನಿಮ್ಮ ಚಮಚಕ್ಕೆಲ್ಲ ಬಗ್ಗೋಳಲ್ಲ ನನ್ನ ಮಗಳು" ಎಂದು ನಕ್ಕೆ. ಅವರು ನಗಲಿಲ್ಲ. ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ, ಮಗುವಿಗೆ ಕಾಣದ ಕಡೆ, ತಟ್ಟೆ ಜೋಡಿಸಿಡುವ ಕಟ್ಟೆಯಿಂದ ಸ್ಟೀಲ್ ತಟ್ಟೆಗಳ ಇಡೀ ರಾಶಿ ಧಡಾರನೆ ನೆಲಕ್ಕೆ ಬಿತ್ತು. ಆ ಸದ್ದಿಗೆ ಎದುರು ಮೇಜಿನ ಮಗುವೊಂದು ಕಿಟಾರನೆ ಕಿರುಚಿತು. ಗಿರಾಕಿಗಳು ಎದ್ದು ನಿಂತು, ಏನಾಯಿತೆಂದು "ಶೂಂ ಥಯೂಂ ಅಣ್ಣಾ?" ಎಂದು ಕೇಳತೊಡಗಿದರು. ಮಾಮ ತಟ್ಟೆಗಳ ಕಡೆಗೆ ತಿರುಗಲೂ ಇಲ್ಲ. ನನ್ನ ಹೆಗಲ ಮೇಲಿದ್ದ ಮಗುವಿನ ಮುಖವನ್ನೇ ನೋಡುತ್ತ ನಿಂತಿದ್ದರು. ಮಗು ಕ್ಯಾಲೆಂಡರಿನಿಂದ ಕಣ್ಣು ಕಿತ್ತಿರಲಿಲ್ಲ.

"ಎಂಥ ಧೈರ್ಯ ನೋಡು ನನ್ನ ಬಂಗಾರಿಗೆ" ಎಂದು ಗಂಡ ಅವಳ ಕೆನ್ನೆ ಹಿಂಡಿದ.

ಮಾಮ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಅಮ್ಮ, ಒಂದು ಮಾತು. ಬೇಜಾರು ಮಾಡ್ಬೇಡಿ. ಮಗುವಿನ ಕಿವಿ ಒಮ್ಮೆ ತೋರಿಸಿ."

"ಯಾಕೆ? ಏನಾಗಿದೆ ಕಿವಿಗೆ?"

"ಅಷ್ಟು ತಟ್ಟೆ ಬಿತ್ತು. ಮಗು ರೆಪ್ಪೆ ಮಿಟುಕಿಸ್ಲಿಲ್ಲ. ನನ್ನ ತಂಗಿ ಹೀಗೇ ಇದ್ದದ್ದು. ಬಾಗಿಲು ತೆಗೆದ್ರೆ ತಿರುಗ್ತಿದ್ಲು, ಗಾಳಿಗೆ. ಕೇಳ್ತದೆ ಅಂತ ನಾವು ಎಣಿಸಿದ್ದು. ನಾಲ್ಕು ವರ್ಷದವರೆಗೆ ಗುಣದ ಕೂಸು, ಗುಣದ ಕೂಸು ಅಂತ ಹೇಳಿಕೊಂಡೇ ಇದ್ದೆವು. ಆಮೇಲೆ ತಡ ಆಯ್ತು. ನಿಮ್ಮದು ಹಾಗೆ ಆಗುದು ಬೇಡ."

ಆ ಗಳಿಗೆಯಲ್ಲಿ ನನ್ನೊಳಗೆ ಎದ್ದದ್ದು ಭಯ. ಹೊರಗೆ ಬಂದದ್ದು ಮಾತ್ರ ಸಿಟ್ಟು. ಹಸುಳೆಯ ಎದುರು ಅಶುಭ ನುಡಿಯಬಾರದು, ಮೇಲಿಂದ ದೇವತೆಗಳು ಅಸ್ತು ಅನ್ನುತ್ತಾರೆ ಎಂದು ಕೇಳಿ ಬೆಳೆದವಳು ನಾನು. ಮೂರು ತಿಂಗಳ ಮಗುವನ್ನು ಮೊದಲ ಸಲ ಹೊರಗೆ ತಂದ ದಿನವೇ ಇಂಥ ಮಾತೇ?

"ನೀವು ಇಡ್ಲಿ ಬೇಯಿಸ್ಕೊಂಡಿರಿ ಮಾಮ. ನನ್ನ ಮಗೂನ ನೋಡೋಕೆ ಡಾಕ್ಟ್ರಿದಾರೆ" ಅಂದೆ. ಮೆಲ್ಲಗಲ್ಲ, ಗಟ್ಟಿಯಾಗಿ. ಕೂಗಾಟವೇ ಇಲ್ಲದ ಆ ಹೋಟೆಲಿನಲ್ಲಿ ಕೂಗಿದವಳು ನಾನೊಬ್ಬಳೇ. ಎಲ್ಲ ಮೇಜಿನವರೂ ತಿರುಗಿ ನೋಡಿದರು.

ಮಾಮನ ಮುಖ ಸಣ್ಣದಾಯಿತು. "ಆಯ್ತಮ್ಮ" ಅಂದರು. ಕೈಯಲ್ಲಿದ್ದ ಚಮಚವನ್ನು ನಮ್ಮ ಮೇಜಿನ ಮೇಲಿಟ್ಟು, ತಟ್ಟೆಗಳನ್ನು ಒಂದೊಂದಾಗಿ ಹೆಕ್ಕಲು ಹೋದರು.

ಮನೆಗೆ ಬಂದವಳೇ ನಾನು ಮಾಡಿದ ಮೊದಲ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ಮಗುವಿಗೆ ದೃಷ್ಟಿ ತೆಗೆದೆ. ಹೋದವರ ಕಣ್ಣು, ಬಂದವರ ಕಣ್ಣು ಎಂದು ಶುರುಮಾಡಿ, ಕೊನೆಗೆ ಮಾಮನ ಕಣ್ಣು ಎಂದು ಸೇರಿಸಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಘಾಟು ಬರಲಿಲ್ಲ. "ನೋಡಿದ್ರಾ, ಎಷ್ಟು ದೃಷ್ಟಿಯಾಗಿತ್ತು!" ಎಂದು ಗಂಡನಿಗೆ ತೋರಿಸಿದೆ. ನನ್ನ ಮಗಳನ್ನು ಅವತ್ತಿನವರೆಗೆ ಸರಿಯಾಗಿ ನೋಡಿದ್ದ ಒಬ್ಬರೇ ಒಬ್ಬ ಮನುಷ್ಯರ ಕಣ್ಣನ್ನು ಹೀಗೆ ನಿವಾಳಿಸಿ ಸುಟ್ಟೆ.

ಆಮೇಲೆ ಮಾಮ ಹೇಳಿದ್ದು ಸುಳ್ಳೆಂದು ನನಗೆ ನಾನೇ ಸಾಬೀತು ಮಾಡಿಕೊಳ್ಳುವುದರಲ್ಲಿ ನಿರತಳಾದೆ. ಅದಕ್ಕೆ ಆಧಾರಗಳೂ ಸಿಕ್ಕವು. ಮಗು 'ಆ', 'ಊ' ಎಂದು ರಾಗ ಎಳೆಯುತ್ತಿತ್ತು. ಕಿವಿ ಕೇಳದ ಮಗು ಸದ್ದು ಮಾಡುತ್ತದೆಯೇ? ಮಾಡುತ್ತದೆ, ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂತೆಯೇ ಮಾಡುತ್ತದೆ. ತನ್ನ ದನಿ ತನಗೇ ಕೇಳದಿರುವುದರಿಂದ ಆಮೇಲಾಮೇಲೆ ಬಿಟ್ಟುಬಿಡುತ್ತದೆ. ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಗಂಡ ಕೋಣೆಗೆ ಬಂದರೆ ಮಗು ತಿರುಗುತ್ತಿತ್ತು. ನೆಲದ ಅದುರಿಗೆ, ನೆರಳಿಗೆ, ಬಾಗಿಲಿನ ಗಾಳಿಗೆ. ಮಾಮ ಅದನ್ನೂ ಹೇಳಿದ್ದರು. ಬೇಕೆಂದೇ ಮರೆತಿದ್ದೆ.

ಎಂಟು ಒಂಬತ್ತು ತಿಂಗಳಿಗೆ ರಾಗ ಎಳೆಯುವುದು ಕಡಿಮೆಯಾಯಿತು. ಒಂದು ವರ್ಷವಾದರೂ 'ಅಮ್ಮ' ಅನ್ನಲಿಲ್ಲ. ಆಗ ನಮ್ಮ ಕೈಗೆ ಇನ್ನೊಂದು ನೆಪ ಸಿಕ್ಕಿತು. ನಮ್ಮಂತೆ ಊರು ಬಿಟ್ಟು ಬಂದವರೆಲ್ಲ ಬಲ್ಲ ನೆಪ ಅದು. ಮನೆಯಲ್ಲಿ ಕನ್ನಡ, ಕೆಲಸದವಳ ಜೊತೆ ಹಿಂದಿ, ಪಕ್ಕದವರದು ಗುಜರಾತಿ, ಟಿವಿಯಲ್ಲಿ ಇಂಗ್ಲಿಷು. ಪಾಪ, ಮಗು ಯಾವುದನ್ನಂತ ಹಿಡಿಯಬೇಕು? ಕನ್ನಡ ಸಂಘದಲ್ಲಿ ಯಾರನ್ನು ಕೇಳಿದರೂ ಒಂದು ಕತೆ ಇತ್ತು. "ನಮ್ಮವನೂ ಮೂರು ವರ್ಷ ಬಾಯೇ ಬಿಟ್ಟಿರಲಿಲ್ಲ. ಈಗ ನೋಡಿ, ಮುಚ್ಚೋದೇ ಇಲ್ಲ." ಒಬ್ಬರು, ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ ಅಂದರು. ನಾವು ಟಿವಿ ಬಂದ್ ಮಾಡಿ ಬರೀ ಕನ್ನಡ ಆಡಿದೆವು. ಕೇಳದ ಮಗುವಿನ ಎದುರು ಇಬ್ಬರು ದೊಡ್ಡವರು ಶುದ್ಧ ಕನ್ನಡದಲ್ಲಿ ಮಾತಾಡುತ್ತ ತಿಂಗಳುಗಟ್ಟಲೆ ಕಳೆದೆವು. ಮಾಮನ ಹೋಟೆಲಿಗೆ ಮಾತ್ರ ಹೋಗಲಿಲ್ಲ. "ಅವರ ಸಾಂಬಾರು ಯಾಕೋ ಮೊದಲಿನ ಹಾಗಿಲ್ಲ" ಎಂದು ಎಲ್ಲರಿಗೂ ಹೇಳಿದೆ.

ಅಷ್ಟರಲ್ಲಿ ಸೂರತ್ತಿಗೆ ವರ್ಗವಾಯಿತು. ಮನೆ ಸಿಕ್ಕಿದ್ದು ವರಾಛಾದಲ್ಲಿ, ಕೆಳಗಡೆ ವಜ್ರ ಉಜ್ಜುವ ಕಾರ್ಖಾನೆ. ಬೆಳಗಿನಿಂದ ಸಂಜೆವರೆಗೆ ಚಕ್ರಗಳ ಸದ್ದು ಹಲ್ಲಿನೊಳಗೆ ಇಳಿಯುತ್ತಿತ್ತು. ನಾನು ತಲೆಗೆ ಬಟ್ಟೆ ಬಿಗಿದುಕೊಂಡು ಒದ್ದಾಡುತ್ತಿದ್ದರೆ ಮಗಳು ಹಾಯಾಗಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು. ಅಲ್ಲಿಯೂ ಅದೇ ಬಿರುದು, "ಬಹು ಡಾಹೀ."

ಅವಳಿಗೆ ಎರಡೂವರೆ ವರ್ಷವಾಗಿದ್ದಾಗಿನ ದೀಪಾವಳಿ. ಸಂಜೆ ಮೆಟ್ಟಿಲ ಬುಡದಲ್ಲಿ ನಾನು ಹಾಕಿದ್ದ ರಂಗೋಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಣ್ಣದ ಪುಡಿ ಮುಟ್ಟುತ್ತಿದ್ದಳು. ಯಾರೋ ಅವಳ ಬೆನ್ನ ಹಿಂದೆ ಸ್ವಲ್ಪ ದೂರದಲ್ಲಿ ಸರಪಟಾಕಿ ಹಚ್ಚಿದರು. ನಾನು ಕಿವಿ ಮುಚ್ಚಿಕೊಂಡು ಅವಳತ್ತ ಓಡಿದೆ. ಅವಳು ನೀಲಿ ಪುಡಿಯನ್ನು ಹಳದಿಗೆ ಬೆರೆಸುತ್ತಿದ್ದಳು. ಸರ ಪೂರ್ತಿ ಹೊಡೆದು ಮುಗಿಯಿತು. ಹೊಗೆ ಮೂಗಿಗೆ ಬಂದ ಮೇಲೆ ತಿರುಗಿ ನೋಡಿ, ಇದೆಲ್ಲಿಂದ ಬಂತು ಎಂಬಂತೆ ನನ್ನ ಮುಖ ನೋಡಿದಳು. ಕ್ಯಾಲೆಂಡರ್, ತಟ್ಟೆಗಳು, ಮಾಮನ ಸಣ್ಣದಾದ ಮುಖ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ನಾನು ರಂಗೋಲಿ ತುಳಿದುಕೊಂಡೇ ಹೋಗಿ ಅವಳನ್ನು ಎತ್ತಿಕೊಂಡೆ.

ಪರೀಕ್ಷೆಗಳಾದವು. ಎರಡೂ ಕಿವಿ ಹುಟ್ಟಿನಿಂದಲೇ ಕೇಳುತ್ತಿಲ್ಲ ಅಂದರು. ಡಾಕ್ಟರು ಬಿಡಿಸಿ ಹೇಳಿದರು: ಮಿದುಳು ಸದ್ದನ್ನು ಕಲಿಯುವುದೇ ಮೊದಲ ತಿಂಗಳುಗಳಲ್ಲಿ. ಆಗ ಕೇಳದಿದ್ದರೆ ಆಮೇಲೆ ಕಲಿಸುವುದು ಬಹಳ ಕಷ್ಟ. ಆರು ತಿಂಗಳೊಳಗೆ ಗೊತ್ತಾದ ಮಕ್ಕಳ ದಾರಿಯೇ ಬೇರೆ. "ಇಷ್ಟು ದಿನ ನಿಮಗೆ ಯಾರೂ ಏನೂ ಹೇಳಲಿಲ್ಲವೇ?" ಎಂದು ಕೇಳಿದರು.

"ಇಲ್ಲ, ಯಾರೂ ಹೇಳಲಿಲ್ಲ" ಅಂದೆ.

ಮೂರು ವರ್ಷ ತುಂಬಿದ ಮೇಲೆ ಆಪರೇಷನ್ ಆಯಿತು. ಒಳಗೊಂದು ಯಂತ್ರ, ಹೊರಗೆ ಕಿವಿಯ ಹಿಂದೆ ಇನ್ನೊಂದು. ನಾವು ಕೇಳಿಕೊಂಡು ವಡೋದರಾಕ್ಕೆ ವರ್ಗ ಮಾಡಿಸಿಕೊಂಡೆವು, ಅಲ್ಲಿ ಮಾತು ಕಲಿಸುವ ಒಳ್ಳೆಯ ಟೀಚರ್ ಒಬ್ಬರಿದ್ದರು. ನನ್ನ ಮಗಳು ಮೊದಲ ಸಲ 'ಅಮ್ಮ' ಅಂದಾಗ ಅವಳಿಗೆ ನಾಲ್ಕು ವರ್ಷ ಮೂರು ತಿಂಗಳು. ಈಗ ಹತ್ತು. ಮಾತಾಡುತ್ತಾಳೆ, ಮಾತು ಮೂಗಿನಿಂದ ಬರುತ್ತದೆ, ಕೆಲವು ಅಕ್ಷರ ಜಾರುತ್ತವೆ. ಎದುರಿಗೆ ಕೂತು ನಿಧಾನವಾಗಿ ಹೇಳಿದರೆ ಅರ್ಥವಾಗುತ್ತದೆ. ಗದ್ದಲವಿದ್ದರೆ, ಮುಖ ತಿರುಗಿಸಿದರೆ ಆಗುವುದಿಲ್ಲ. ಎಲ್ಲವನ್ನೂ ಎರಡನೇ ಸಲ ಹೇಳಬೇಕು.

ವಡೋದರಾದಿಂದ ಅಹಮದಾಬಾದು ಎರಡು ಗಂಟೆಯ ದಾರಿ. ಎಷ್ಟೋ ಸಲ ಹೋಗಿಬಂದರೂ ನವರಂಗಪುರದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅವಳಿಗೆ ಏಳು ವರ್ಷವಾಗಿದ್ದಾಗ ಒಮ್ಮೆ ಧೈರ್ಯ ಮಾಡಿದೆ. ಹೋಗಿ ಕೈಮುಗಿದು, ಮಾಮ, ನೀವು ಹೇಳಿದ್ದು ಸರಿ, ನಾನು ಪಾಪಿ ಎಂದು ಹೇಳಿಬಿಡಬೇಕು. ರೈಲಿನಲ್ಲಿ ಮಾತುಗಳನ್ನು ಉರುಹೊಡೆದುಕೊಂಡೇ ಹೋದೆ.

ಮಾಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ಜೇಬಿನಲ್ಲಿ ಪೆನ್ನು ಮಾತ್ರ ಇತ್ತು. ನನ್ನನ್ನು ನೋಡಿ, ಏನೂ ಆಗಿಯೇ ಇಲ್ಲವೆಂಬಂತೆ "ಬನ್ನಿ ಬನ್ನಿ, ಎಷ್ಟು ವರ್ಷ ಆಯ್ತು ಮಾರಾಯ್ರೆ!" ಎಂದು ಎದ್ದು ಬಂದರು. ಆಮೇಲೆ ಮಗಳ ಕಿವಿಯ ಹಿಂದಿನ ಯಂತ್ರ ಕಂಡಿತು. ಅವಳ ಎದುರು ಕೈ ಸುರುಳಿ ಮಾಡಿ ಹುಬ್ಬೇರಿಸಿದರು. ಅವಳು ತಟ್ಟನೆ ಹಿಡಿದು ತಲೆಯಾಡಿಸಿದಳು. ಮಸಾಲೆ ದೋಸೆ ಬಂತು. ಆಗಲೇ ನನಗೆ ಹೊಳೆದದ್ದು, ಆ ಸನ್ನೆಗಳೆಲ್ಲ ಕಿವಿ ಕೇಳದ ತಂಗಿಯ ಜೊತೆ ಆಡಿ ಬೆಳೆದವರ ಮಾತು.

"ಎಷ್ಟು ಪ್ರಾಯಕ್ಕೆ ಹಾಕಿಸಿದ್ರಿ ಇದನ್ನು?" ಎಂದು ಮೆಲ್ಲಗೆ ಕೇಳಿದರು.

ಉರುಹೊಡೆದದ್ದನ್ನೆಲ್ಲ ಬಿಟ್ಟು, "ಒಂದು ವರ್ಷಕ್ಕೇ ಹಾಕಿಸಿದ್ವಿ ಮಾಮ. ನೀವು ಹೇಳಿದ್ರಲ್ಲ, ಆಮೇಲೆ ತೋರಿಸಿದ್ವಿ" ಅಂದೆ. ಅವರನ್ನು ಸಂತೋಷಪಡಿಸಲು ಹೇಳಿದೆ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ನಾನು ಉಳಿಸಿಕೊಂಡದ್ದು ನನ್ನ ಮುಖವನ್ನು.

"ಒಳ್ಳೇದಾಯ್ತು. ಬೇಗ ಆಯ್ತಲ್ಲ" ಅಂದರು ಮಾಮ. ನಾನು ಕೈತೊಳೆಯುವ ನೆವದಲ್ಲಿ ಎದ್ದುಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಬರುವಷ್ಟರಲ್ಲಿ ಮಾಮ ಅವಳ ಎದುರು ಕೂತು, ತಲೆ ಬಗ್ಗಿಸಿ, ಅವಳು ಹೇಳುವುದನ್ನು ಕೇಳುತ್ತಿದ್ದರು. ಅವಳು ಯಂತ್ರ ಮುಟ್ಟಿ ತೋರಿಸಿ ಏನೋ ವಿವರಿಸುತ್ತಿದ್ದಳು. ಎಲ್ಲರಿಗೂ ವಿವರಿಸುತ್ತಾಳೆ, ಅವಳಿಗೆ ಅದರಲ್ಲೊಂದು ಹೆಮ್ಮೆ. ಹೊರಡುವಾಗ ಮಾಮ ಮೆಟ್ಟಿಲವರೆಗೂ ಬಂದು ಅವಳ ತಲೆ ಸವರಿದರು. ಕ್ಷಮಿಸಿದರು, ಇನ್ನೇನೂ ಹೇಳಬೇಕಾಗಿಲ್ಲ ಎಂದುಕೊಂಡು ಹಗುರಾಗಿ ರೈಲು ಹತ್ತಿದೆ. ಮತ್ತೆ ಹೋಗಲಿಲ್ಲ.

ಮಾಮನ ಕಾರ್ಯಗಳೆಲ್ಲ ಮುಗಿದ ಮೇಲೆ, ಹೋದ ವಾರ ಮಗಳನ್ನು ಕರೆದುಕೊಂಡು ಮಾಮಿಯನ್ನು ನೋಡಲು ಹೋಗಿದ್ದೆ. ಹೋಟೆಲ್ ನಡೆಯುತ್ತಿತ್ತು. ಗಲ್ಲಾದ ಮೇಲೆ ಮಾಮಿ ಕೂತಿದ್ದರು. ಹಿಂದೆ ಗೋಡೆಯಲ್ಲಿ ಅದೇ ಫೋಟೋ, ಹಾರ ಹಾಕಿದ್ದು. ಸುಮ್ಮನಿರಲಾರದೆ, "ಹಳೇ ಫೋಟೋ ಅಲ್ವಾ ಮಾಮಿ?" ಅಂದೆ.

"ಇಲ್ಲ, ಹೋದ ವರ್ಷದ್ದು" ಅಂದರು ಮಾಮಿ. ತಲೆ ತಗ್ಗಿಸಿ ಗಲ್ಲಾದ ಮೇಜು ಒರೆಸುತ್ತಲೇ ಮಾತಾಡಿದರು. "ಚಮಚ ನೋಡಿ ಹೇಳಿದ್ದಾ? ನಡುವೆ ಏಳು ವರ್ಷ ಅದನ್ನು ಮುಟ್ಲಿಲ್ಲ ಅವರು. ನೀವು ಬೈದು ಹೋದ ಮೇಲೆ ಯಾವ ಮಗುವಿನ ಹತ್ತಿರವೂ ಹೋಗ್ಲಿಲ್ಲ. ಆ ದಿವಸ ತಟ್ಟೆ ತಾನಾಗಿ ಬಿದ್ದದ್ದು ಅಂತ ಎಣಿಸಿದ್ರಾ? ಇವರೇ ದೂಡಿದ್ದು. ಚಮಚಕ್ಕೆ ತಿರುಗ್ಲಿಲ್ಲ, ದೊಡ್ಡ ಸದ್ದಿಗಾದ್ರೂ ತಿರುಗ್ತದಾ ನೋಡುವ ಅಂತ."

ಮಾಮಿ ಮುಂದುವರಿಸಿದರು. "ಮತ್ತೆ ನೀವು ಬಂದ್ರಲ್ಲ, ಒಂದು ವರ್ಷಕ್ಕೇ ಹಾಕಿಸಿದ್ದು ಅಂದ್ರಲ್ಲ. ನೀವು ಕೈ ತೊಳೀಲಿಕ್ಕೆ ಹೋದಾಗ ಮಗು ಸತ್ಯ ಹೇಳ್ತು, ಮೂರು ವರ್ಷಕ್ಕೆ ಅಂತ. ಅವತ್ತು ಊಟ ಮಾಡ್ಲಿಲ್ಲ ಇವರು. ನಿಮ್ಮನ್ನು ಒಂದು ಮಾತು ಅನ್ಲಿಲ್ಲ. 'ಒಮ್ಮೆ ಹೇಳಿದೆ, ಬೈದ್ರು ಅಂತ ಮಾನ ಹಿಡ್ಕೊಂಡು ಕೂತೆ. ಮನೆಗೆ ಹೋಗಿಯಾದ್ರೂ ಎರಡನೇ ಸಲ ಹೇಳ್ಬೇಕಿತ್ತು. ತಪ್ಪು ನನ್ನದು' ಅಂದ್ರು. ಮರುದಿವಸ ಬೆಳಿಗ್ಗೆ ನೋಡಿದ್ರೆ ಜೇಬಿನಲ್ಲಿ ಚಮಚ. ಆಮೇಲೆ ಒಬ್ಬರ ಮಗುವಿಗೆ ಹೀಗೇ ಅನುಮಾನ ಬಂತು. ಅವರೂ ಬೈದ್ರು. ಇವರು ಮೂರು ಸಲ ಅವರ ಮನೆ ಮೆಟ್ಟಿಲು ಹತ್ತಿದ್ರು. ಆ ಮಗು ಈಗ ಪಟಪಟ ಅಂತ ಮಾತಾಡ್ತದೆ."

ಮಾಮಿ ಒರೆಸುವುದನ್ನು ಮುಗಿಸಿ, ನಮಗೆ ಕುಡಿಯಲು ತರುತ್ತೇನೆಂದು ಒಳಗೆ ಹೋದರು. ಮಗಳು ನನ್ನ ಸೆರಗು ಎಳೆದಳು. ಮಾಮಿ ತಲೆ ತಗ್ಗಿಸಿ ಮಾತಾಡಿದ್ದರಿಂದ ಅವಳಿಗೆ ಏನೂ ತಿಳಿದಿರಲಿಲ್ಲ.

"ಅಮ್ಮ, ಅಜ್ಜಿ ಏನಂದ್ರು?"

ನಾನು ಕುರ್ಚಿ ಎಳೆದುಕೊಂಡು, ನನ್ನ ತುಟಿ ಅವಳಿಗೆ ಕಾಣುವ ಹಾಗೆ, ಎದುರಿಗೆ ಕೂತೆ.

"ತಪ್ಪು ನನ್ನದು ಅಂತ ಮಾಮ ಹೇಳಿದ್ರಂತೆ."

"ಯಾರ್ದು?"

"ಮಾಮಂದಲ್ಲ ಪುಟ್ಟಿ. ನಂದು" ಅಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅರ್ಥವಾಗಿರಲಿಲ್ಲ. ನಾನು ಇನ್ನೊಮ್ಮೆ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದೆ.